ಬಾಗಿಲಲ್ಲಿ ಇಲ್ಲದ ಚಪ್ಪಲಿ

ನನ್ನ ಕಣ್ಣಿಗೆ ಒಂದು ಕೆಟ್ಟ ಚಾಳಿ ಇದೆ. ಇದ್ದದ್ದನ್ನು ಬಿಟ್ಟು ಇಲ್ಲದ್ದರ ಮೇಲೆಯೇ ಹೋಗಿ ಕೂರುತ್ತದೆ. ಸೊಸೆ ಕಸ್ತೂರಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲ ಬಡಿಸಿ ತಾಟು ಮುಂದಿಟ್ಟರೆ ನನ್ನ ಬಾಯಿಂದ ಮೊದಲು ಬರುವ ಮಾತು, "ಉಳ್ಳಾಗಡ್ಡಿ ಎಲ್ಲಿ?"

"ನಮ್ಮ ಅತ್ತಿ ಸ್ವರ್ಗಕ್ಕ ಹೋದ್ರೂ ಅಲ್ಲಿ ಸುಣ್ಣದ ಡಬ್ಬಿ ಇಲ್ಲಂತ ಜಗಳ ತಗೀತಾರ" ಎಂದು ಅವಳು ನೆರೆಮನೆಯವರ ಮುಂದೆ ಹೇಳಿದ್ದು ನನಗೆ ಗೊತ್ತಾಗಿದೆ. ತಪ್ಪೇನೂ ಹೇಳಿಲ್ಲ. ಸುಣ್ಣವಿಲ್ಲದ ಸ್ವರ್ಗದಲ್ಲಿ ಎಲೆ ಹಾಕಿಕೊಳ್ಳುವುದು ಹೇಗೆ?

ಆದರೆ ಇದು ನನ್ನೊಬ್ಬಳ ಚಾಳಿ ಎಂದು ಒಪ್ಪಲಾರೆ. ಮದುವೆಗೆ ಐನೂರು ಮಂದಿ ಬಂದು ಉಂಡು ಹೋಗಿರುತ್ತಾರೆ. ಬಂದವರ ಹೆಸರು ಮರುದಿನಕ್ಕೆ ಮರೆತುಹೋಗುತ್ತದೆ. ಬಾರದ ಒಬ್ಬ ಸೋದರಮಾವನ ಹೆಸರು ಮೊಮ್ಮಕ್ಕಳ ಕಾಲದವರೆಗೂ ನೆನಪಿರುತ್ತದೆ. ಫ್ಯಾನಿನ ಸಪ್ಪಳ ಇತ್ತು ಎಂದು ತಿಳಿಯುವುದೇ ಕರೆಂಟು ಹೋದ ಮೇಲೆ.

ಈ ಕಣ್ಣು ನನಗೆ ಅಪ್ಪನಿಂದ ಬಂದದ್ದು. ಆಲಮೇಲದ ಕಡೆ ನಮ್ಮದು ಕುರಿ ಮೇಯಿಸುವ ಮನೆತನ. ಅಪ್ಪನಿಗೆ ಇಪ್ಪತ್ತರ ಮುಂದೆ ಎಣಿಸಲು ಬರುತ್ತಿರಲಿಲ್ಲ. ಮೂರನೆಯ ಇಯತ್ತೆಯ ತನಕ ಶಾಲೆಗೆ ಹೋಗಿದ್ದ ನನಗೆ ನೂರರವರೆಗೂ ಬರುತ್ತಿತ್ತು, ಆ ಜಂಬವೂ ಇತ್ತು. ಒಂದು ಸಂಜೆ ಕುರಿಗಳು ಹಟ್ಟಿಯೊಳಗೆ ಹೋಗುವಾಗ ಎಣಿಸಿ, "ಅಪ್ಪಾ, ಎಂಬತ್ತೆರಡೂ ಬಂದಾವ" ಎಂದೆ. ಅಪ್ಪ ಬೇಲಿಯ ಪಕ್ಕ ನಿಂತು ಸುಮ್ಮನೆ ಒಂದು ಸಲ ಕಣ್ಣಾಡಿಸಿದ.

"ಕೆಂದಿ ಬಂದಿಲ್ಲ" ಎಂದ.

ಕೆಂದಿ ಎಂದರೆ ನಮ್ಮ ಕೆಂಪು ಕುರಿ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಪಕ್ಕದ ಹಟ್ಟಿಯ ಕುರಿಯೊಂದು ನಮ್ಮದರಲ್ಲಿ ಸೇರಿಕೊಂಡಿತ್ತು. ನಾನು ಬಂದವನ್ನು ಎಣಿಸಿದ್ದೆ, ಅಪ್ಪ ಬಾರದ್ದನ್ನು ನೋಡಿದ್ದ. ಕೆಂದಿ ಕಳೆದುಹೋಯಿತು ಎಂದು ನಾನು ಅಳಲು ಶುರು ಮಾಡಿದೆ. "ಅಳಬ್ಯಾಡ. ಇಲ್ಲಿಲ್ಲ ಅಷ್ಟ. ಎಲ್ಲೋ ಐತಿ" ಎಂದು ಅವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಟ. ಹಳ್ಳದ ದಂಡೆಯ ಜಾಲಿಯ ಮರೆಯಲ್ಲಿ ಮರಿ ಹಾಕಿ ಅದನ್ನು ನೆಕ್ಕುತ್ತ ನಿಂತಿತ್ತಂತೆ. ಹೋದವನು ಕೆಂದಿಯ ಜೊತೆಗೆ ಮರಿಯನ್ನೂ ತಂದ.

ಅಪ್ಪನ ಪಾಠದಲ್ಲಿ ಎರಡು ಭಾಗ ಇದ್ದವು. ನಾನು ಮೊದಲರ್ಧವನ್ನಷ್ಟೇ ಕಲಿತೆ. ಉಳಿದರ್ಧ ಕಲಿಯಲು ಅರವತ್ತು ವರ್ಷ ಹಿಡಿಯಿತು, ಮೊಮ್ಮಗಳ ಸಂಬಂಧ ಮುರಿದುಬೀಳುವ ಹಂತಕ್ಕೂ ಬಂತು.

ಮೊಮ್ಮಗಳು ಸವಿತಾ ನಮ್ಮೂರು ಸಿಂದಗಿಯಲ್ಲೇ ಶಾಲೆಯ ಟೀಚರು. ಅವಳಿಗೆ ಹೂವಿನ ಹಿಪ್ಪರಗಿಯ ವರ ಬಂತು. ಹುಡುಗ ದನದ ದವಾಖಾನೆಯಲ್ಲಿ ಕೆಲಸ ಮಾಡುತ್ತಾನೆ, ಕುರಿಯ ಕಾಯಿಲೆ ಗೊತ್ತಿದ್ದವನು. ನನಗೆ ಅಷ್ಟಕ್ಕೇ ಅರ್ಧ ಒಪ್ಪಿಗೆಯಾಗಿತ್ತು. ಹೆಣ್ಣು ನೋಡುವ ಶಾಸ್ತ್ರ ಮೋರಟಗಿಯಲ್ಲಿ ನನ್ನ ತಂಗಿ ನೀಲವ್ವನ ಮನೆಯಲ್ಲಾಯಿತು, ಸಂಬಂಧ ತಂದವಳೇ ಅವಳು. ಹುಡುಗಿ ತಲೆ ತಗ್ಗಿಸಿಕೊಂಡೇ ಎಲ್ಲ ನೋಡಿಕೊಂಡು ಬಂದು, "ಮದುವಿ ಆದಮ್ಯಾಲೂ ಕಲಿಸಾಕ ಹೋಗ್ತೇನಿ ಅಂದೆ. ಹೂಂ ಅಂದ" ಎಂದಳು. ಆಮೇಲೆ ಎರಡು ದಿನ ಹಾಡಿಕೊಂಡೇ ಓಡಾಡಿದಳು. ಉಳಿದದ್ದು ಮನೆ ನೋಡುವುದು. ಗುರುವಾರ ನಾವು ಅವರ ಮನೆಗೆ, ಭಾನುವಾರ ಅವರು ನಮ್ಮ ಮನೆಗೆ ಎಂದು ಮಾತಾಯಿತು.

ನಮ್ಮಲ್ಲಿ ಮನೆ ನೋಡಲು ಹೋದವರು ಮೊದಲು ಚಹಾ ಕುಡಿಯುತ್ತಾರೆ. ಒಪ್ಪಿಗೆಯಾದರೆ ಊಟಕ್ಕೆ ಕೂರುತ್ತಾರೆ. ಆಗದಿದ್ದರೆ ಚಹಾದ ಮೇಲೆ ಎದ್ದು ಬರುತ್ತಾರೆ. ಬಾಯಿ ಬಿಟ್ಟು ಹೇಳುವ ಕೆಲಸವಿಲ್ಲ. ಆದರೆ ಹೇಳಿ ಹೋದರೆ ಏನು ಕಾಣುತ್ತದೆ? ಗೋಡೆಗೆ ಹೊಸ ಸುಣ್ಣ, ಮಂಚಕ್ಕೆ ಹೊಸ ಚಾದರ, ಮುಖಕ್ಕೆ ಹೊಸ ನಗೆ. ಅದಕ್ಕೇ ನಾನು ಹೇಳದೆ ಹೋಗುವವಳು. ಅದೂ ಅಮಾವಾಸ್ಯೆಯ ದಿನ. ಆ ದಿನ ಇಂಥ ಕೆಲಸಕ್ಕೆ ಯಾರೂ ಹೊರಡುವುದಿಲ್ಲ, ಯಾರೂ ಕಾಯುವುದೂ ಇಲ್ಲ. ಗುರುವಾರಕ್ಕೆ ಎರಡು ದಿನ ಮೊದಲು ಅಮಾವಾಸ್ಯೆ ಬಿದ್ದಿತ್ತು. ಮಗ ಮಲ್ಲಪ್ಪನಿಗೆ "ಗುಡಿಗೆ ಹೋಗಿ ಹನ್ನೆರಡಕ್ಕ ಬರ್ತೇವಿ" ಎಂದು ಸುಳ್ಳು ಹೇಳಿ, ಕಸ್ತೂರಿಯನ್ನು ಕರೆದುಕೊಂಡು ಹಿಪ್ಪರಗಿಯ ಬಸ್ಸು ಹತ್ತಿದೆ.

ಮನೆ ಚೆನ್ನಾಗಿತ್ತು. ಅಂಗಳ ಸಾರಿಸಿತ್ತು, ಎರಡು ಎಮ್ಮೆ ಇದ್ದವು, ನೀರಿನ ನಳ ಮನೆಯೊಳಗೇ ಇತ್ತು. ಕಸ್ತೂರಿ ಇದ್ದದ್ದನ್ನೆಲ್ಲ ನೋಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಅಲ್ಲಿ ಗಂಡಸರ ಚಪ್ಪಲಿ ಎರಡು ಜೊತೆ ಇದ್ದವು. ಹೆಂಗಸರದು ಒಂದೂ ಇರಲಿಲ್ಲ.

ಚಪ್ಪಲಿಯ ಮೇಲೆ ನನಗೇಕೆ ಇಷ್ಟು ಕಣ್ಣು ಎಂದರೆ, ನಾನು ಮದುವೆಯಾಗಿ ಬಂದಾಗ ಸೊಸೆಯಾದವಳು ಹಿರಿಯರ ಎದುರು ಚಪ್ಪಲಿ ಮೆಟ್ಟುವಂತಿರಲಿಲ್ಲ. ಓಣಿ ದಾಟುವವರೆಗೆ ಸೆರಗಿನೊಳಗೆ ಮುಚ್ಚಿ ಹಿಡಿದುಕೊಂಡು ನಡೆಯಬೇಕಿತ್ತು. ಹಿಮ್ಮಡಿ ಸವೆದು ಎರೆಮಣ್ಣು ಮೆತ್ತಿಕೊಂಡ ಹೆಂಗಸರ ಚಪ್ಪಲಿ ಬಾಗಿಲಲ್ಲಿ ರಾಜಾರೋಷವಾಗಿ ಬಿದ್ದಿದ್ದರೆ ಆ ಮನೆಯ ಹೆಣ್ಣುಮಕ್ಕಳು ಹೊರಗೆ ಹೋಗಿ ಬರುತ್ತಾರೆ ಎಂದು ನನ್ನ ಲೆಕ್ಕ. ಬಿದ್ದಿರದಿದ್ದರೆ, ಹುಡುಗ ಎಷ್ಟು ಹೂಂ ಅಂದರೂ ನಾನು ನಂಬುವುದಿಲ್ಲ.

ಹುಡುಗನ ತಂದೆ ಗಾಬರಿಯಾಗಿ ಕುರ್ಚಿ ಹಾಕಿದರು. ಹುಡುಗ ತಾನೇ ಚಹಾ ಮಾಡಿ ತಂದ. ಒಳಗಿನಿಂದ ಒಂದು ಬಳೆಯ ಸದ್ದೂ ಇಲ್ಲ.

"ಹೆಣಮಕ್ಕಳು ಎಲ್ಲ್ಯದಾರ್ರಿ?" ಎಂದೆ.

"ಬರ್ತಾರ್ರಿ, ಕೂಡ್ರಿ" ಎಂದು ಅವರು ಹೆಗಲ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು.

ಒಂದು ಗಂಟೆ ಕುಳಿತೆವು. ಯಾರೂ ಬರಲಿಲ್ಲ. ಹೆಂಗಸರನ್ನು ಒಳಗೇ ಕೂಡಿ ಹಾಕುವ ಮನೆ ಎಂದು ತೀರ್ಮಾನ ಮಾಡಿ, ಚಹಾದ ಮೇಲೆ ಎದ್ದು ಬಂದೆ.

ಸಂಜೆ ಸವಿತಾ ಶಾಲೆಯಿಂದ ಬಂದು ಇನ್ನೂ ಹೆಗಲ ಚೀಲ ಇಳಿಸಿರಲಿಲ್ಲ, ಹೇಳಿಬಿಟ್ಟೆ. "ಆ ಮನಿ ಬ್ಯಾಡ. ಬಾಗಲದಾಗ ಹೆಣಮಕ್ಕಳ ಚಪ್ಪಲಿ ಒಂದೂ ಇಲ್ಲ. ನೀ ಅಲ್ಲಿ ಹೋದ್ರ ಸಾಲಿ ಮುಗೀತು."

ಹುಡುಗಿ ಅಳಲಿಲ್ಲ, ನನ್ನ ಮೊಮ್ಮಗಳಲ್ಲವೇ. ಚೀಲ ಹಿಡಿದುಕೊಂಡೇ ಗೋಡೆ ನೋಡುತ್ತ ಕುಳಿತಳು. ಅತ್ತಿದ್ದರೆ ಗದರಿಸಿ ಸುಮ್ಮನಿರಿಸುತ್ತಿದ್ದೆ. ಇದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಆಗ ಮಲ್ಲಪ್ಪ ಕೆಮ್ಮಿದ. ಅವನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಅಮಾವಾಸ್ಯೆಯ ದಿನ ಪೂಜೆ ಮುಗಿಸಿ ಬಾಗಿಲು ಹಾಕಿ ಬೇಗ ಮನೆಗೆ ಬಂದುಬಿಡುತ್ತಾನೆ.

"ಯವ್ವಾ, ಇವತ್ತ ಮಧ್ಯಾಹ್ನ ಹಿಪ್ಪರಗಿಯಿಂದ ಇಬ್ಬರು ಹೆಣಮಕ್ಕಳು ಬಂದಿದ್ರು. ಹುಡುಗನ ತಾಯಿ, ಅವರ ಹಿರೀ ಸೊಸಿ."

"ಎಲ್ಲಿಗೆ?"

"ಇಲ್ಲಿಗೇ. ಮನೀ ನೋಡಾಕ."

"ನೀ ಏನಂದಿ?"

"ಬರ್ತಾರ್ರಿ, ಕೂಡ್ರಿ ಅಂದೆ. ಹನ್ನೆರಡಕ್ಕ ಬರ್ತೇವಿ ಅಂದವರು ಎರಡಾದ್ರೂ ಬರಲಿಲ್ಲ ನೀವು. ಗುಡಿಗೆ ಅಂದ್ರ ನಂಬತಿದ್ರೇನು? ಎಲ್ಲಿ ಹೋಗ್ಯಾರ ಅಂತ ಹೇಳ್ಲಿ? ಚಹಾ ಮಾಡಿ ಕೊಟ್ಟೆ. ಕುಡದು ಎದ್ದು ಹೋದ್ರು."

ಅವನ ಮಾತು ಮುಗಿಯುವಷ್ಟರಲ್ಲಿ ನೀಲವ್ವನ ಫೋನು ಬಂತು. "ಅಕ್ಕಾ, ಅವರು ಒಲ್ಲೆ ಅಂದಾರ. ನಿಮ್ಮ ಬಾಗಲದಾಗ ಹೆಣಮಕ್ಕಳ ಚಪ್ಪಲಿನ ಇಲ್ಲಂತ. ಹೆಣಮಕ್ಕಳನ್ನ ಒಳಗ ಕೂಡಿ ಹಾಕೋ ಮಂದಿ, ಇವರ ಹುಡುಗಿ ನಾಕ ಮಂದಿಯೊಳಗ ಹೆಂಗ ಬಾಳ್ವಿ ಮಾಡ್ತಾಳು ಅಂತ ಕೇಳಾಕತ್ತಾರ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಕೂಡಿ ಹಾಕುವ ಗಂಡಸು ಈ ಜಿಲ್ಲೆಯಲ್ಲಿ ಹುಟ್ಟಿದ್ದಾನೆಯೇ? ಫೋನು ಇಟ್ಟು ಬೈಯಲು ಶುರು ಮಾಡಿದೆ. ಸವಿತಾ ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು.

"ಆಯೀ, ಇವತ್ತ ನಿನ್ನ ಚಪ್ಪಲಿ ಎಲ್ಲಿದ್ದುವು?"

"ನನ್ನ ಕಾಲಾಗ."

"ಮತ್ತ ಅವರವು?"

ಕಸ್ತೂರಿ ಸೆರಗು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ನಗುವ ಸದ್ದು ಚೆನ್ನಾಗಿಯೇ ಕೇಳಿಸಿತು.

ಅಪ್ಪನ ಉಳಿದರ್ಧ ಪಾಠ ಆಗ ತಲೆಗೆ ಹತ್ತಿತು. ಇಲ್ಲಿಲ್ಲ ಅಷ್ಟ, ಎಲ್ಲೋ ಐತಿ. ಚಪ್ಪಲಿ ಬಾಗಿಲಲ್ಲಿಲ್ಲ ಎಂದು ಕಂಡುಹಿಡಿದ ಜಾಣೆ ನಾನು, ಹಾಗಾದರೆ ಎಲ್ಲಿವೆ ಎಂದು ಕೇಳಿಕೊಳ್ಳಲಿಲ್ಲ. ಚಪ್ಪಲಿ ಇರಬೇಕಾದ ಜಾಗ ಬಾಗಿಲಲ್ಲ, ಕಾಲು. ಮನೆಯೊಳಗೆ ಕೂತವಳ ಚಪ್ಪಲಿಯೇ ಬಾಗಿಲಲ್ಲಿ ಬಿದ್ದಿರುವುದು.

ತಪ್ಪು ಮಾಡಿದ್ದು ನಾನು, ನೀಲವ್ವನನ್ನು ನಡುವೆ ಹಾಕುವುದು ಸರಿ ಕಾಣಲಿಲ್ಲ. ಹುಡುಗನ ತಾಯಿಗೇ ಫೋನು ಹಚ್ಚಿಸಿದೆ.

"ನಾನ್ರಿ, ಸಿಂದಗಿಯಿಂದ, ಸವಿತಾನ ಆಯಿ. ಇವತ್ತ ನಿಮ್ಮ ಚಪ್ಪಲಿ ಎಲ್ಲಿದ್ದುವ್ರಿ?"

"ನನ್ನ ಕಾಲಾಗಿದ್ದುವು. ಯಾಕ್ರಿ?"

"ನನ್ನವೂ ಅಲ್ಲೇ ಇದ್ದುವ್ರಿ."

ಆ ಕಡೆ ಅವರು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅವರೂ ಬಾಗೇವಾಡಿಯ ಗುಡಿಗೆ ಹೋಗುತ್ತೇವೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಅಮಾವಾಸ್ಯೆಗೆ ಯಾರೂ ಕಾಯುವುದಿಲ್ಲ ಎಂದೇ ಬಂದಿದ್ದರು. ನಮ್ಮ ಎರಡು ಬಸ್ಸು ದಾರಿಯಲ್ಲಿ ಎಲ್ಲೋ ಎದುರುಬದುರಾಗಿರಬೇಕು.

"ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ" ಎಂದರು ಅವರು. "ನಿಮ್ಮ ಮಗ ಮಾಡಿದ ಚಹಾ ಭಾಳ ಕೆಟ್ಟಿತ್ತು."

"ನಿಮ್ಮ ಮಗಂದೂ ಏನ ಚಲೋ ಇರಲಿಲ್ಲ ಬಿಡ್ರಿ. ಕುಡದೇವಿ."

ಗುರುವಾರ ಮತ್ತೆ ಹೋದೆವು, ಈ ಸಲ ಹೇಳಿಯೇ. ಬಾಗಿಲಲ್ಲಿ ಎರೆಮಣ್ಣು ಮೆತ್ತಿದ ಹೆಂಗಸರ ಚಪ್ಪಲಿ ಎರಡು ಜೊತೆ ಎದ್ದು ಕಾಣುವಂತೆ ನಡುವೆಯೇ ಇದ್ದವು. ಬೇಕೆಂದೇ ಇಟ್ಟಿದ್ದರು, ನನಗೆ ಗೊತ್ತು. ಊಟಕ್ಕೆ ಕೂತೆ. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಎಲ್ಲ ಇತ್ತು. "ಉಳ್ಳಾಗಡ್ಡಿ ಎಲ್ಲಿ?" ಎನ್ನಲು ಬಾಯಿ ತೆರೆದಿದ್ದೆ, ಕಸ್ತೂರಿ ಮೊಣಕಾಲಿಗೆ ಚಿವುಟಿದಳು.

ಮದುವೆಯಾಗಿ ಒಂದು ವರ್ಷವಾಗುತ್ತ ಬಂತು. ಸವಿತಾ ಈಗ ಅಲ್ಲೇ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ನಮ್ಮ ಬಾಗಿಲಲ್ಲಿ ಅವಳು ಚಪ್ಪಲಿ ಬಿಡುತ್ತಿದ್ದ ಮೂಲೆ ಖಾಲಿ. ಕಸ್ತೂರಿ ಅಲ್ಲಿ ಹೂವಿನ ಕುಂಡ ತಂದಿಟ್ಟಿದ್ದಳು. "ಹಬ್ಬಕ್ಕ ಬಂದಾಗ ಎಲ್ಲಿ ಬಿಡಬೇಕು, ನಿನ್ನ ತಲೀ ಮ್ಯಾಲೇನು?" ಎಂದು ತೆಗೆಸಿದೆ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಕಣ್ಣು ಅಲ್ಲಿಗೆ ಹೋಗುತ್ತದೆ, ಹೇಳಿದೆನಲ್ಲ, ಕೆಟ್ಟ ಚಾಳಿ. ಹೋಗಲಿ ಎಂದು ಬಿಡುತ್ತೇನೆ. ಸಂಜೆ ಫೋನು ಹಚ್ಚಿ ಒಂದೇ ಮಾತು ಕೇಳುತ್ತೇನೆ.

"ಇವತ್ತ ಚಪ್ಪಲಿ ಎಲ್ಲಿದ್ದುವು?"

"ಕಾಲಾಗ, ಆಯೀ." ನಿನ್ನೆ ಇನ್ನೊಂದು ಮಾತು ಸೇರಿಸಿದಳು. "ಹಿಮ್ಮಡಿ ಪೂರಾ ಸವದಾವ. ಹೊಸಾವು ತಗೋಬೇಕು."

"ಸವೀಲಿ ಬಿಡು" ಎಂದು ಫೋನು ಇಟ್ಟೆ.