ಮೆಟ್ಟಿಲ ತಿರುವಿನ ಬೆಸುಗೆ

ಆಂಜಿನಪ್ಪ, ಆ ಬೆಸುಗೆ ನಿನ್ನದಲ್ಲ. ನನ್ನದು.

ನಮ್ಮ ಮನೆ ಮೆಟ್ಟಿಲಿನ ಮೇಲಿನ ತಿರುವಿನಲ್ಲಿ ರೇಲಿಂಗ್ ಕಿತ್ತುಕೊಂಡು ನನ್ನ ಹೆಂಡತಿ ರತ್ನ ಕೆಳಗೆ ಬಿದ್ದಳಲ್ಲ — ಆ ಕಿತ್ತುಹೋದ ಜಾಗವನ್ನು ಬೆಸೆದವನು ನಾನು. ಇದು ನಿನಗೆ ಗೊತ್ತಿಲ್ಲ. ರತ್ನಳಿಗೂ ಇವತ್ತು ಬೆಳಗ್ಗೆಯವರೆಗೆ ಗೊತ್ತಿರಲಿಲ್ಲ. ನಮ್ಮೂರು ಹೂಡಿಯಲ್ಲಿ ನಮ್ಮನ್ನು ಬಲ್ಲವರೆಲ್ಲ ಇಷ್ಟು ವರ್ಷ ನಿನ್ನ ಹೆಸರನ್ನೇ ಹೇಳಿಕೊಂಡು ಬಂದರು, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಬೇಕಾದ ಕಡೆ ಬಾಯಿ ಬಿಟ್ಟಿದ್ದೇನೆ. ಅದನ್ನೂ ಹೇಳುತ್ತೇನೆ.

ನಿನಗೂ ನನಗೂ ಒಂದೇ ಊರು, ಒಂದೇ ಶಾಲೆ. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾನು ಮಹಡಿಯ ಮೇಲೆ ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟೆ. ನಿಮ್ಮಪ್ಪನಿಗೆ ಹೊಲವಿರಲಿಲ್ಲ, ನೀನು ಪೀಣ್ಯದ ಕಾರ್ಖಾನೆಗಳಿಗೆ ಹೋಗಿ ಸ್ಟೀಲ್ ಬೆಸೆಯುವ ಟಿಗ್ ವೆಲ್ಡಿಂಗ್ ಕಲಿತು ಬಂದು ಮೇನ್ ರೋಡಿನಲ್ಲಿ ಅಂಗಡಿ ಇಟ್ಟೆ. ಮದುವೆ ಮನೆಗಳಲ್ಲಿ ಮುಂದಿನ ಕುರ್ಚಿ ನನಗೆ ಸಿಗುತ್ತಿತ್ತು, ಸರಿ. ಆದರೆ ಸ್ಟೀಲ್ ರೇಲಿಂಗ್ ಎಂದರೆ ಮಹದೇವಪುರದಿಂದಲೂ ಜನ ನಿನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನೀನೇನು ಸುಮ್ಮನಿರುವ ಆಸಾಮಿಯೇ? ನಿನ್ನ ಕೈಯನ್ನು ನೀನೇ ಹೊಗಳಿಕೊಳ್ಳುತ್ತಿದ್ದೆ. ಟೀ ಅಂಗಡಿಯಲ್ಲಿ ಅಂಗೈ ಚಾಚಿ, ಇದರ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕುವುದಿಲ್ಲ ಎನ್ನುತ್ತಿದ್ದೆ. ಇಟ್ಟು ತೋರಿಸಿಯೂ ಬಿಡುತ್ತಿದ್ದೆ. ನನಗೆ ಹೊಟ್ಟೆಕಿಚ್ಚು, ಆಂಜಿನಪ್ಪ. ಅದಕ್ಕೆ ಬೇರೆ ಹೆಸರಿಲ್ಲ.

ಬಾಡಿಗೆಯಲ್ಲಿ ಬದುಕುವವನಿಗೆ ಹಗಲು ಬಲು ಉದ್ದ. ನಾನೂ ಕೈಯಿಂದ ಏನಾದರೂ ಮಾಡಬೇಕು, ನನ್ನ ಕೈಯನ್ನೂ ಯಾರಾದರೂ — ಹೀಗೆಲ್ಲ ಅನಿಸುತ್ತಿದ್ದ ಕಾಲದಲ್ಲಿ ಪೀಣ್ಯದಲ್ಲಿ ಮುಚ್ಚಿಹೋದ ಶೆಡ್ಡೊಂದರ ಹಳೆಯ ಟಿಗ್ ಮೆಷಿನ್ ಮಾರಾಟಕ್ಕಿದೆ ಎಂದು ತಿಳಿಯಿತು. ನಿನ್ನನ್ನೇ ಕರೆದುಕೊಂಡು ಹೋದೆ. ನೀನು ಅದರ ಮುಚ್ಚಳ ಬಿಚ್ಚಿ, ಒಳಗಿನ ಧೂಳು ಊದಿ, ಮಾರುವವನನ್ನು ಚೆನ್ನಾಗಿ ಬೈದು, ಕೊನೆಗೆ ತಗೋ ಎಂದೆ. ಹಿಂದೆ ದನ ಕಟ್ಟುತ್ತಿದ್ದ ನಮ್ಮ ಕೊಟ್ಟಿಗೆಯಲ್ಲಿ ಅದನ್ನೂ ಗ್ಯಾಸ್ ಸಿಲಿಂಡರನ್ನೂ ತಂದಿಟ್ಟೆವು. ಅಂಗಡಿ ಕೆಲಸ ಮುಗಿಸಿ ಸಂಜೆ ಬಂದು ನೀನೇ ಕಲಿಸಿದೆ.

ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತೆಳ್ಳಗಿನ ಸ್ಟೀಲ್ ಕಡ್ಡಿ. ಟಾರ್ಚಿನ ತುದಿಯ ಸೂಜಿ ಕೆಲಸಕ್ಕೆ ತಾಗಬಾರದು, ದೂರವೂ ಹೋಗಬಾರದು. ನಾನು ತಾಗಿಸಿದಾಗಲೆಲ್ಲ ನೀನು ಸೂಜಿ ಬಿಚ್ಚಿ ಗ್ರೈಂಡರಿಗೆ ಹಿಡಿದು ಮತ್ತೆ ಚೂಪು ಮಾಡಿ ಕೊಡುತ್ತಿದ್ದೆ, ಜೊತೆಗೆ ಒಂದು ಬೈಗುಳ. ಪೈಪೇ ಕರಗಿ ಒಂದಾಗಬೇಕು, ಬರೀ ಕಡ್ಡಿ ಕರಗಿ ಮೇಲೆ ಕೂತರೆ ಅದು ವೆಲ್ಡಿಂಗ್ ಅಲ್ಲ, ಗೋಡೆಗೆ ತಟ್ಟಿದ ಬೆರಣಿ ಎಂದು ಹೇಳುತ್ತಿದ್ದೆ. ಕರೆಂಟು ಜಾಸ್ತಿ ಇಟ್ಟರೆ ತೆಳು ಪೈಪಿಗೆ ತೂತು, ಕಮ್ಮಿ ಇಟ್ಟರೆ ಬೆರಣಿ. ನಾನು ತೂತು ಮಾಡುವುದರಲ್ಲಿ ಪಳಗಿದೆ. ಒಂದು ಸಲ ಬಾಡಿಗೆಯವರು ನಿಂತು ನೋಡುತ್ತಿದ್ದಾಗಲೇ ಪೈಪನ್ನು ಜಾಲರಿ ಮಾಡಿಟ್ಟೆ. ನೀನು ಅದನ್ನು ಎತ್ತಿ ಅವರ ಕಡೆಗೂ ತಿರುಗಿಸಿ ತೋರಿಸಿದೆ.

"ಬಾಡಿಗೆ ಎಣ್ಸೋ ಕೈಗೆ ಇದು ಬಗ್ಗಲ್ಲ ಗುರು," ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಎಷ್ಟು ದಿನ ಎದೆಯಲ್ಲಿ ಕೂತಿತ್ತೋ — ಇರಲಿ. ಅದನ್ನು ಹೇಳಿ ನಿನ್ನ ತಲೆಗೆ ಏನನ್ನೂ ಕಟ್ಟುವುದಿಲ್ಲ.

ಆಮೇಲೆ ನಮ್ಮ ಮೆಟ್ಟಿಲಿಗೆ ರೇಲಿಂಗ್ ಹಾಕಲು ನೀನೇ ಬಂದೆ. ಪೈಪುಗಳನ್ನು ನಿಲ್ಲಿಸಿ, ಎಲ್ಲ ಜಾಯಿಂಟಿಗೂ ಚುಕ್ಕೆಯಷ್ಟು ಬೆಸುಗೆ ಇಟ್ಟು, ಕೆಳಗಿನಿಂದ ಒಂದೊಂದನ್ನೇ ಪೂರ್ತಿ ಮಾಡುತ್ತಾ ಮೇಲಕ್ಕೆ ಬರುತ್ತಿದ್ದೆ. ತಿರುವಿನ ಹತ್ತಿರ ಬರುವಷ್ಟರಲ್ಲಿ ಊಟದ ಹೊತ್ತಾಯಿತು, ಮೆಷಿನನ್ನು ಅಲ್ಲೇ ಬಿಟ್ಟು ನೀನು ಮನೆಗೆ ಹೋದೆ. ನಾನು ನಿನ್ನ ವೆಲ್ಡಿಂಗ್ ಹೆಲ್ಮೆಟ್ ಹಾಕಿಕೊಂಡೆ. ತೂತು ಬಿದ್ದರೆ ಗತಿಯೇನು ಎಂದು ಕರೆಂಟು ಇಳಿಸಿದೆ. ಸಾಲದು ಎಂದು ಇನ್ನೂ ಇಳಿಸಿದೆ. ತೂತು ಬೀಳಲಿಲ್ಲ. ಕಡ್ಡಿ ನಯವಾಗಿ ಕರಗಿ, ಸಣ್ಣ ಸಣ್ಣ ಅಲೆಯಾಗಿ, ಪೈಪಿನ ಸುತ್ತ ಕೂತಿತು. ಅಷ್ಟು ಚಂದದ್ದನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಕೆಳಗೆ ಪೈಪು ಕರಗಿರಲಿಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ, ಆದರೆ ಗೊತ್ತಿತ್ತು. ನೀನು ಬಂದ ಮೇಲೆ ತೋರಿಸೋಣ, ಬೈದು ಸರಿ ಮಾಡುತ್ತಾನೆ ಎಂದುಕೊಂಡಿದ್ದೆ.

ನೀನು ಬಂದೆ. ಬಗ್ಗಿ ನೋಡಿದೆ.

"ಇದನ್ನ ಮುಗಿಸ್ಬಿಟ್ಟಿದ್ನಾ ನಾನು?" ಎಂದು ಕೇಳಿದೆ.

ನೀನು ನನ್ನ ಕೆಲಸವನ್ನು ನಿನ್ನದು ಎಂದುಕೊಂಡೆ, ಆಂಜಿನಪ್ಪ. ಇಡೀ ಹೂಡಿಗೆ ಕೈ ಚಾಚಿ ತೋರಿಸುವವನು ನನ್ನ ಕೈಯನ್ನು ತನ್ನ ಕೈ ಎಂದುಕೊಂಡ. ಹಾಗೆ ಸಿಕ್ಕ ಬಹುಮಾನವನ್ನು ಬಾಯಿ ಬಿಟ್ಟು ಹೇಗೆ ಕಳೆದುಕೊಳ್ಳಲಿ?

"ಮುಗಿಸಿದ್ಯಲ್ಲ, ಊಟಕ್ಕೆ ಹೋಗೋಕ್ಮುಂಚೆ," ಎಂದೆ.

ನೀನು ತಲೆಯಾಡಿಸಿ ಮುಂದಿನ ಜಾಯಿಂಟಿಗೆ ಹೋದೆ. ಸಂಜೆ ಬಫಿಂಗ್ ಹೊಡೆದು ಉಬ್ಬಿದ ಬೆಸುಗೆಯನ್ನೆಲ್ಲ ಉಜ್ಜಿ ಪೈಪಿನ ಸಮಕ್ಕೆ ತಂದು ಕನ್ನಡಿಯ ಹಾಗೆ ಹೊಳೆಸಿದೆ. ನಿನ್ನ ಜಾಯಿಂಟುಗಳಿಗೆ ಮೇಲಿನದು ಹೋದರೂ ಒಳಗಿನದು ಉಳಿಯಿತು. ನನ್ನದಕ್ಕೆ ಇದ್ದದ್ದೇ ಮೇಲಿನದು. ಯಾವತ್ತಾದರೂ ಒಂದು ದಿನ ಇಬ್ಬರೂ ಬಾರಿನಲ್ಲಿ ಎಣ್ಣೆ ಹಾಕುತ್ತಾ ಕೂತಾಗ ಹೇಳಿ ನಿನ್ನ ಮುಖ ನೋಡಬೇಕು ಎಂದು ಆ ಗುಟ್ಟನ್ನು ಬಚ್ಚಿಟ್ಟುಕೊಂಡೆ.

ಆ ದಿನ ಬರುವ ಮೊದಲೇ ರತ್ನ ಒದ್ದೆ ಬಟ್ಟೆಯ ಬಕೆಟ್ ಹೊತ್ತು ಮಹಡಿಗೆ ಹೊರಟಳು. ತಿರುವಿನಲ್ಲಿ ದಣಿವಾಯಿತೆಂದು ಬಕೆಟ್ ಇಳಿಸಿ ರೇಲಿಂಗಿಗೆ ಒರಗಿದಳು. ಸೊಂಟದ ಮೂಳೆ ಮುರಿಯಿತು. ರಾಡ್ ಹಾಕಿದರು, ಇವತ್ತಿಗೂ ಕಾಲು ಎಳೆದುಕೊಂಡೇ ನಡೆಯುತ್ತಾಳೆ.

ಅವಳನ್ನು ಆಸ್ಪತ್ರೆಗೆ ಸೇರಿಸಿ ಬರುವಷ್ಟರಲ್ಲಿ ನೀನು ನಮ್ಮ ಮೆಟ್ಟಿಲ ಮೇಲೆ ಕೂತಿದ್ದೆ. ಮುರಿದ ಪೈಪು ನಿನ್ನ ಕೈಯಲ್ಲಿತ್ತು. ಅದರ ಬಾಯಿ ಕತ್ತರಿಸಿ ತಂದ ದಿನದ ಹಾಗೆಯೇ ದುಂಡಗಿತ್ತು, ಎಲ್ಲೂ ಕರಗಿರಲಿಲ್ಲ. ಈಗ ಇವನಿಗೆ ಗೊತ್ತಾಗುತ್ತದೆ, ಗೊತ್ತಾಗಲಿ ಎಂದು ನಿಂತೆ. ನೀನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಳಗೆ ಇಳಿದೇ ಇಲ್ಲ, ಇಂಥ ಬೆರಣಿ ಕೆಲಸ ನಾನು ಮಾಡಿದೆನೇ ಎಂದು ನಿನ್ನನ್ನು ನೀನೇ ಕೇಳಿಕೊಂಡೆ. ನನ್ನ ಮೇಲೆ ಅನುಮಾನವೇ ಬರಲಿಲ್ಲ ನಿನಗೆ. ಬಾಡಿಗೆ ಎಣಿಸುವ ಕೈ ಅಲ್ಲವೇ!

ರತ್ನ ಮನೆಗೆ ಬಂದ ಮೇಲೆ ನೀನು ನೋಡಲು ಬಂದೆ. ಅವಳು ಮಂಚದಲ್ಲಿದ್ದುಕೊಂಡೇ, ನೆರೆಯವರೆಲ್ಲ ಇರುವಾಗ, "ನಿನ್ ಕೈ ಸೇದೋಗ, ಕೆಲ್ಸಕ್ಕೇ ಬರ್ದಂಗಾಗ್ಲಿ" ಎಂದು ಶಾಪ ಹಾಕಿದಳು. ನೀನು ತಲೆ ತಗ್ಗಿಸಿಕೊಂಡು ನಿಂತೆ. ನಾನು ಅವಳ ತಲೆದಿಂಬು ಸರಿಮಾಡಿದೆ.

ನೀನು ನಮ್ಮ ರೇಲಿಂಗನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕಿಕೊಟ್ಟೆ. ಆಮೇಲೆ ಹಳೆಯ ಕೆಲಸಗಳನ್ನು ಹುಡುಕಿಕೊಂಡು ಮನೆ ಮನೆಗೆ ಹೋಗಿ, ಬಾಗಿಲು ತಟ್ಟಿ, ರೇಲಿಂಗಿಗೆ ಭುಜ ಕೊಟ್ಟು ತಳ್ಳಿ ನೋಡುತ್ತಿದ್ದೆಯಂತೆ. ಒಂದೂ ಅಲ್ಲಾಡಲಿಲ್ಲವಂತೆ. ಆದರೂ ನಿನಗೆ ನೆಮ್ಮದಿ ಸಿಗಲಿಲ್ಲ. ಆಂಜಿನಪ್ಪನಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಆಗ ಒಂದು ಮಧ್ಯಾಹ್ನ ನೀನು ನಮ್ಮ ಕೊಟ್ಟಿಗೆಗೆ ಬಂದು ಕೂತೆ.

"ಮುನಿರಾಜು, ಅವತ್ತು ನೀನ್ ಪಕ್ದಲ್ಲೇ ಇದ್ಯಲ್ಲ. ನನ್ ಕೈ ನಡುಗ್ತಿತ್ತಾ?"

ಇಲ್ಲ ಎಂದಿದ್ದರೆ ಸಾಕಿತ್ತು. ನಿಜ ಪೂರ್ತಿ ಹೇಳುವ ಧೈರ್ಯ ಇಲ್ಲದಿದ್ದರೂ, ಅಷ್ಟೊಂದನ್ನು — ಆದರೆ ಇಲ್ಲ ಎಂದರೆ ನೀನು ಮತ್ತೆ ಯೋಚಿಸುತ್ತೀಯ, ಯೋಚಿಸಿದರೆ ಆ ಊಟದ ಹೊತ್ತು ನೆನಪಾಗುತ್ತದೆ.

"ಸ್ವಲ್ಪ," ಎಂದೆ. "ವಯಸ್ಸಾಯ್ತಲ್ಲ ಬಿಡು."

ಶಾಪ ಹಾಕಿದವಳು ರತ್ನ. ಅದು ತಟ್ಟುವ ಹಾಗೆ ಮಾಡಿದವನು ನಾನು. ಕೈ ನಡುಗುತ್ತದೆಂದು ನಂಬಿ ನೀನು ಅಂಗಡಿ ಮುಚ್ಚಿದ ದಿನ ನಿನ್ನ ಹೆಲ್ಮೆಟ್ ತಂದು ನನಗೆ ಕೊಟ್ಟೆ, ನನಗಿನ್ನು ಬೇಡ, ನೀನು ಕಲಿಯುತ್ತಿದ್ದೀಯ, ಇಟ್ಟುಕೋ ಎಂದೆ. ಇಟ್ಟುಕೊಂಡೆ! ಬೇಡ ಎನ್ನುವಷ್ಟು ಮಾನವೂ ಇರಲಿಲ್ಲ. ಅದನ್ನು ಹಾಕಿಕೊಳ್ಳಲು ಮಾತ್ರ ಆಗಲಿಲ್ಲ. ಮೆಷಿನ್ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಬಿದ್ದಿದೆ.

ನೀನು ಈಗ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿಗಿದ್ದೀಯ. ಆ ರಸ್ತೆಯನ್ನು ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದೆ. ಮೊನ್ನೆ ಬೇರೆ ದಾರಿ ಅಗೆದುಹಾಕಿದ್ದರು, ಆ ಕಡೆಯೇ ಬಂದೆ. ಗೇಟಿನ ಪಕ್ಕದಲ್ಲಿ ಕೂತು ನೀನು ಟೀ ಕುಡಿಯುತ್ತಿದ್ದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ನಾನು ಸ್ಕೂಟರ್ ನಿಲ್ಲಿಸಲಿಲ್ಲ.

ಇವತ್ತು ಬೆಳಗ್ಗೆ ರತ್ನಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಂಟ ಹಿಡಿದುಕೊಂಡು ಮಂಚದ ಮೇಲೆ ಕೂತಳು.

"ನಾನ್ ಆ ಅಣ್ಣಂಗೆ ಆಕಿದ್ ಸಾಪಾನ ಈಗ ಯಾರ್ ವಾಪಸ್ ತಗಂತಾರೆ?" ಎಂದಳು.

ನಾಳೆ ಹೆಲ್ಮೆಟ್ ತೆಗೆದುಕೊಂಡು ನಿನ್ನ ಗೇಟಿಗೆ ಬರುತ್ತೇನೆ. ರತ್ನಳೂ ಬರುತ್ತೇನೆ ಎಂದಿದ್ದಾಳೆ. ಆಮೇಲೆ ಟೀ ಅಂಗಡಿಯಲ್ಲಿ, ನಿನ್ನ ಹೆಸರು ಹೇಳಿಕೊಂಡು ಬಂದವರೆಲ್ಲರ ಮುಂದೆ, ಇದನ್ನೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ನಿನಗೆ ಇಷ್ಟ ಬಂದದ್ದನ್ನು ಮಾಡು. ನೀನು ಅವತ್ತು ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೇ.

ನಡುಗುತ್ತಿರಲಿಲ್ಲ, ಆಂಜಿನಪ್ಪ. ಅವತ್ತು ನಿನ್ನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.