ಹದಿಮೂರಾದ ಮೇಲೆ ಎರಡು

ಬಸವೇಶ್ವರನಗರದ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದು ಹಗಲಿಡೀ ಗುಂಯ್‌ಗುಡುತ್ತಿತ್ತು. ಅಲ್ಲಿಂದ ಅಪ್ಪನ ಕೋಣೆಯ ಸ್ಪೀಕರಿಗೆ ನಾನೇ ವೈರು ಎಳೆದಿದ್ದೆ. ಸಕ್ಕರೆ ಕಾಯಿಲೆ ಅಪ್ಪನ ಕಣ್ಣು ತೆಗೆದಿತ್ತು. ಅವರ ಪಾಲಿಗೆ ಉಳಿದದ್ದು ಕಿವಿಯೊಂದೇ.

ಅಮ್ಮ ಇದ್ದಾಗ ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಕಾದಂಬರಿ ಓದುತ್ತಿದ್ದಳು. ಪಕ್ಕದಲ್ಲಿ ಟೇಪ್ ರೆಕಾರ್ಡರ್. "ನಾನು ಮದುವೆ ಮುಂಜಿ ಅಂತ ಹೋದಾಗ ಹಾಕ್ಕೊಂಡು ಕೇಳಿ" ಎನ್ನುತ್ತಿದ್ದಳು. ಕೊನೆಯ ಕಾದಂಬರಿಯ ಹತ್ತನೇ ಅಧ್ಯಾಯ ಓದುವಾಗ ಕೆಮ್ಮು ಶುರುವಾಯಿತು. ಶ್ವಾಸಕೋಶ ಹಾಳಾಗಿದೆ ಎಂದರು ಡಾಕ್ಟರು. ಹದಿಮೂರರ ಆಚೆಗೆ ಅವಳಿಂದ ಓದಲಾಗಲಿಲ್ಲ.

ಅವಳು ಹೋದ ಮೇಲೆ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆ. ದೇವರನಾಮಕ್ಕೊಂದು ಫೋಲ್ಡರ್, ಭಾವಗೀತೆಗೊಂದು, ಅಮ್ಮ ಓದಿದ ಆ ಕೊನೆಯ ಕಾದಂಬರಿಗೊಂದು. ಒಂದೊಂದು ಅಧ್ಯಾಯಕ್ಕೂ ಅದರ ಅಂಕಿಯನ್ನೇ ಹೆಸರಿಟ್ಟೆ. ಕೈತುಂಬ ಕೆಲಸವಿದ್ದರೆ ಅಳು ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತದೆ, ಹೆಡ್‌ಫೋನಿನೊಳಗೆ ಅವಳು ಉಸಿರೆಳೆದುಕೊಂಡಾಗಲೆಲ್ಲ ಬರುತ್ತದೆ.

ಅಪ್ಪ ದಿನವೂ ಊಟವಾದ ಮೇಲೆ ಕೇಳತೊಡಗಿದರು. ಮುಗಿದರೆ ಮತ್ತೆ ಮೊದಲಿನಿಂದ. ಎಷ್ಟೋ ತಿಂಗಳ ನಂತರ ಒಂದು ಭಾನುವಾರ ಜೊತೆಗೆ ಕೂತಾಗಲೇ ನನಗೆ ಗೊತ್ತಾದದ್ದು, ಒಂದನೇ ಅಧ್ಯಾಯ ಮುಗಿದದ್ದೇ ಹತ್ತನೆಯದು ಶುರುವಾಯಿತು! ಆ ದಡ್ಡ ಯಂತ್ರ ಹತ್ತು, ಹನ್ನೊಂದು ಅಂತ ಮೊದಲಲ್ಲಿ ಒಂದು ಇರುವ ಅಂಕಿಗಳನ್ನೆಲ್ಲ ಒಂದರ ಬೆನ್ನಿಗೇ ಜೋಡಿಸಿಬಿಟ್ಟಿತ್ತು. ಹದಿಮೂರಾದ ಮೇಲೆ ಎರಡು, ಕಟ್ಟಕಡೆಗೆ ಒಂಬತ್ತು. ಇಷ್ಟು ದಿನ ಈ ಮನುಷ್ಯ ಚಕಾರವೆತ್ತಿಲ್ಲವಲ್ಲ ಎಂದು ಮೈ ಉರಿಯಿತು.

"ಹೇಳ್ಬಾರ್ದಾಗಿತ್ತಾ ಅಪ್ಪ? ಎಲ್ಲಾ ಹಿಂದುಮುಂದಾಗಿದೆ. ತಾಳಿ, ಈಗ್ಲೇ ಸರಿ ಮಾಡ್ತೀನಿ." ಹಾಲಿಗೆ ಬಂದು ಮೌಸು ಹಿಡಿದೆ.

"ಬೇಡ ಕಣಮ್ಮ. ಹಿಂಗೇ ಇರ್ಲಿ."

"ಕಥೆ ಅರ್ಥ ಆಗ್ಬೇಡ್ವಾ?"

"ಕಥೆ ಯಾರಿಗ್ ಬೇಕು?" ಬಾಗಿಲಾಚೆ ಅಪ್ಪ ಸ್ಪೀಕರಿನ ಕಡೆಗೇ ಮುಖ ಮಾಡಿ ಕೂತಿದ್ದರು. "ನೀನು ಸರಿ ಮಾಡಿದ್ರೆ ಅವಳು ಕೊನೇಲಿ ಕೆಮ್ಮಿ ಕೆಮ್ಮಿ ನಿಲ್ಲಿಸ್ಬಿಡ್ತಾಳೆ. ಹಿಂಗಿದ್ರೆ ಕೆಮ್ಮೆಲ್ಲಾ ಮೊದಲೇ ಮುಗಿದೋಗುತ್ತೆ. ಎರಡಕ್ಕೆ ಬರೋ ಹೊತ್ಗೆ ವಾಸಿಯಾಗಿರ್ತಾಳೆ."

ನಾನು ಮೌಸಿನ ಮೇಲಿಂದ ಕೈ ತೆಗೆದೆ.

ಆ ವಾರದ ಕೊನೆಗೆ ಒಂಬತ್ತನೇ ಅಧ್ಯಾಯ ಬಂತು. ನಾನೂ ಕೂತು ಕೇಳಿದೆ. ಅಮ್ಮನ ದನಿ ಸ್ವಚ್ಛವಾಗಿತ್ತು. ಪುಸ್ತಕ ಮುಚ್ಚಿದ ಸದ್ದಾದ ಮೇಲೆ, "ಇವತ್ತಿಗೆ ಸಾಕು. ಏಳ್ತೀನಿ, ಕಾಫಿಗಿಡ್ತೀನಿ" ಎಂದಳು.

"ಹ್ಞೂಂ, ಇಡು" ಎಂದರು ಅಪ್ಪ.