ಅರ್ಧಕ್ಕೆ ನಿಂತ ಷಟರ್

ಬಳ್ಳಾರಿಯಲ್ಲಿ ಎದೆಯ ಆಪರೇಷನ್ ಆದ ಮೇಲೆ ನಮ್ಮ ಮನೆಯವರು ಮಾತಾಡುವುದನ್ನೇ ಬಿಟ್ಟಿದ್ದರು. ಆಸ್ಪತ್ರೆಯಿಂದ ಅದೇ ಊರಿನ ಅವರ ತಂಗಿಯ ಮನೆಗೆ ಕರೆತಂದರೆ, ಅಲ್ಲಿಯೂ ಗೋಡೆಗೆ ಮುಖ ಮಾಡಿ ಮಲಗಿದ್ದೇ ಮಲಗಿದ್ದು. ಒಂದು ದಿನ ತಾವಾಗಿಯೇ ಬಾಯಿ ಬಿಟ್ಟರು. ಸದ್ಯ, ಮಾತು ಬಂತಲ್ಲ ಎಂದು ಹತ್ತಿರ ಹೋದೆ.

"ಅಂಗಡಿ ಯಾರಿಗರ ಕೊಟ್ಟುಬಿಡು. ನನ್ನ ಕೈಲಿಂದ ಇನ್ನ ಆಗಂಗಿಲ್ಲ" ಎಂದರು.

ಸಿರುಗುಪ್ಪದಲ್ಲಿ ನಮ್ಮದು ಗಾದಿ ಅಂಗಡಿ. ನಮ್ಮ ಮಾವನವರ ಕಾಲದಿಂದಲೂ ಅರಳೆ ಹಿಂಜಿ, ಗಾದಿ ತುಂಬಿ, ದಬ್ಬಣದಲ್ಲಿ ಹೊಲಿದು ಉಂಡವರು ನಾವು. ಅದನ್ನು ಮಾರಿ ಈ ಮನುಷ್ಯ ಮಾಡುವುದಾದರೂ ಏನು, ಸಾಯುವ ತನಕ ಗೋಡೆ ನೋಡುವುದೇ? ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿ ತೆರೆದು ನಾಲ್ಕು ಆರ್ಡರು ಹಿಡಿದು ಇವರ ಮುಂದೆ ಇಡದಿದ್ದರೆ ಕೇಳು ಎಂದುಕೊಂಡು ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ.

ಅಂಗಡಿಗೆ ಬೀಗ ಬಿದ್ದು ತಿಂಗಳಾಗಿತ್ತು. ಷಟರ್ ಎತ್ತುತ್ತಿದ್ದೆ, ಎದೆಮಟ್ಟಕ್ಕೆ ಬಂದಿತ್ತು, ಮೇಲಿನಿಂದ ಗುಬ್ಬಿಯೊಂದು ಬುರ್ರನೆ ನನ್ನ ಮುಖಕ್ಕೇ ಹಾರಿ ಬಂತು. ಸ್ಟೂಲು ಹತ್ತಿ ನೋಡಿದರೆ, ಷಟರ್ ಸುತ್ತಿಕೊಳ್ಳುವ ತಗಡಿನ ಪೆಟ್ಟಿಗೆಯ ಮೂಲೆಯಲ್ಲಿ ಗೂಡು. ನಮ್ಮ ಅಂಗಡಿಯ ಅರಳೆಯನ್ನೇ ಕದ್ದು ಮೆತ್ತಗೆ ಹಾಸಿಕೊಂಡು ಮೂರು ಮೊಟ್ಟೆ ಇಟ್ಟಿದ್ದಳು ಮಹಾರಾಯ್ತಿ. ಷಟರ್ ಅರ್ಧಕ್ಕೆ ನಿಂತರೆ ಗೂಡಿಗೂ ಸುರುಳಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು. ಪೂರ್ತಿ ಎತ್ತಿದರೆ ಸುರುಳಿ ದಪ್ಪವಾಗಿ ಎಲ್ಲ ಅಪ್ಪಚ್ಚಿ. ಗೂಡು ಕಿತ್ತು ಎಸೆಯೋಣವೆಂದು ಕೈಯನ್ನೇನೋ ಹಾಕಿದೆ. ಮೊಟ್ಟೆ ಇನ್ನೂ ಬೆಚ್ಚಗಿದ್ದವು. ಬಾಣಂತಿಯನ್ನು ಎಬ್ಬಿಸಿ ಹೊರಗೆ ಕಳಿಸುವಷ್ಟು ಕಲ್ಲೆದೆ ನನಗೆಲ್ಲಿಂದ ಬರಬೇಕು? ಷಟರನ್ನು ಅಲ್ಲಿಗೇ ನಿಲ್ಲಿಸಿ, ಬಗ್ಗಿ ಒಳಗೆ ಹೋಗಿ ಕಸ ಹೊಡೆದೆ.

ಒಂದು ವಾರ ಕೂತರೂ ಒಂದು ನರಪಿಳ್ಳೆ ಒಳಗೆ ಬರಲಿಲ್ಲ. ಗುರುತಿನವರೆಲ್ಲ ತಲೆ ತಗ್ಗಿಸಿ ದಾಟಿಹೋಗುತ್ತಿದ್ದರು. ಎದುರಿನ ಚಹಾದಂಗಡಿಯವರು ಹೇಳದೆಯೇ ಚಹಾ ತಂದಿಟ್ಟು, ಮುಖ ನೋಡದೆ ಹೋಗುತ್ತಿದ್ದರು. ಇವರಿಗೆಲ್ಲ ಏನು ಬಂತು ಧಾಡಿ ಎಂದು ಒಳಗೊಳಗೇ ಉರಿದೆ. ಬಳ್ಳಾರಿಗೆ ಫೋನು ಮಾಡಿ ಹೇಳಲು ಒಂದು ಆರ್ಡರೂ ಇರಲಿಲ್ಲ.

ಆಮೇಲೆ ರಾರಾವಿಯ ರೈತರೊಬ್ಬರು ಬಂದರು. ಮಗಳ ಮದುವೆಗೆ ಗಾದಿ ಹೇಳಿಹೋಗಿದ್ದವರು. ಬಗ್ಗಿ ಒಳಗೆ ಬಂದು, ಟವೆಲ್ ತೊಡೆಯ ಮೇಲಿಟ್ಟುಕೊಂಡು ಕೂತರು.

"ಆಗಬಾರದ್ದು ಆತು ಅಕ್ಕಾರ. ಅಂಥಾ ಮನುಷ್ಯಾ ಇನ್ನ ಸಿಗಂಗಿಲ್ಲ. ನನ್ನ ಗಾದಿ ಚಿಂತಿ ಬಿಡ್ರಿ, ಬ್ಯಾರೆ ಕಡೆ ಮಾಡಿಸ್ತೀನಿ."

"ಯಾವ ಮನುಷ್ಯಾ?"

"ಅಣ್ಣಾರು."

"ಅಣ್ಣಾರು ಬಳ್ಳಾರ್ಯಾಗ ತಂಗಿ ಮನ್ಯಾಗ ಅದಾರ. ಮುಂಜಾನಿ ಎರಡು ಇಡ್ಲಿ ತಿಂದಾರ."

ಅವರು ನನ್ನ ಮುಖ ನೋಡಿದರು, ಷಟರ್ ನೋಡಿದರು. ಆಗ ನನಗೆ ಹೊಳೆಯಿತು. ನಮ್ಮ ಬಜಾರದಲ್ಲಿ ಯಾರಾದರೂ ತೀರಿಕೊಂಡರೆ ಷಟರ್ ಅರ್ಧಕ್ಕೆ ಇಳಿಸುತ್ತಾರೆ. ಎಷ್ಟೋ ಮಂದಿಯ ಸಾವಿಗೆ ಈ ಷಟರನ್ನೇ ಹಾಗೆ ಇಳಿಸಿದವಳು ನಾನು. ಕಟ್ಟಿಕೊಂಡ ಗಂಡನನ್ನು ವಾರವಿಡೀ ಸತ್ತವರ ಲೆಕ್ಕಕ್ಕೆ ಹಾಕಿ ಕೂತಿದ್ದೆನಲ್ಲ. ಗೂಡು ತೋರಿಸಿದೆ. ರೈತರು ಸ್ಟೂಲು ಹತ್ತಿ ಇಣುಕಿ, ನಗುತ್ತಲೇ ಇಳಿದರು.

"ಹಂಗಾರ ಗಾದಿ ಅಣ್ಣಾರ ಕೈಯಿಂದಾನ ಆಗ್ಲಿ. ಮದುವಿಗಿ ಇನ್ನೂ ಟೈಮ್ ಐತಿ" ಎಂದರು.

ಅಂದು ಸಂಜೆ ಫೋನಿನಲ್ಲಿ, "ನೋಡ್ರಿ, ಇಲ್ಲಿ ಊರ ಮಂದಿ ನಿಮ್ಮನ್ನ ಮಣ್ಣು ಮಾಡಿ ವಾರ ಆತು" ಎಂದು ಶುರುಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ಖುಕ್ ಎಂದಿತು. "ನಗಿಸಬ್ಯಾಡ, ಹೊಲಿಗಿ ಎಳೀತಾವ" ಎನ್ನುತ್ತಲೇ ನಕ್ಕರು. ತಿಂಗಳ ಮೇಲಾಗಿತ್ತು ಆ ನಗು ಕೇಳಿ. ಫೋನು ಇಟ್ಟು ಅರಳೆ ಮೂಟೆಗೆ ಒರಗಿ ಮನಸಾರೆ ಅತ್ತೆ.

ಮಾರನೆಯ ದಿನದಿಂದ ಅವರದೇ ಫೋನು. ಮೊಟ್ಟೆ ಒಡೆದವಾ? ಕಣ್ಣು ಬಿಟ್ಟವಾ? ರೆಕ್ಕಿ ಬಂತಾ? ನೀನು ಉಂಡೆಯಾ ಎಂದು ಒಂದು ದಿನವೂ ಕೇಳಲಿಲ್ಲ ಪುಣ್ಯಾತ್ಮ. ಮರಿಗಳು ಗೂಡಿನ ಅಂಚಿಗೆ ಬಂದವು ಎಂದ ದಿನ, ತಂಗಿಯ ಮಾತಿಗೂ ಸೊಪ್ಪು ಹಾಕದೆ, ಡಾಕ್ಟರರನ್ನು ಕೇಳಿಕೊಂಡು ಬಂದೇಬಿಟ್ಟರು.

ಆದರೆ ಬಗ್ಗುವಂತಿರಲಿಲ್ಲ, ಭಾರ ಎತ್ತುವಂತಿರಲಿಲ್ಲ. ಅಂಗಡಿಯ ಹೊರಗೆ ಕುರ್ಚಿ ಹಾಕಿ ಕೂರಿಸಿದೆ. ಸತ್ತವರನ್ನು ನೋಡಲು ಬಜಾರವೇ ಬಂತು. ಎಲ್ಲರೊಂದಿಗೂ ಮಾತಾಡಿದರು, ಎರಡು ಆರ್ಡರನ್ನೂ ಹಿಡಿದರು. ಆದರೂ ಒಳಗಿನ ಅರಳೆಯ ಕಡೆ ಕಣ್ಣು ಹಾಯಿಸಲಿಲ್ಲ. ಕೆಲಸದ ಮಾತೆತ್ತಿದರೆ, "ನೋಡೋಣು" ಎಂದಷ್ಟೇ. ನನ್ನ ಜೀವ ಆ 'ನೋಡೋಣು'ದಲ್ಲೇ ಸಿಕ್ಕಿಕೊಂಡಿತ್ತು.

ನಾಲ್ಕನೆಯ ಬೆಳಿಗ್ಗೆ ಮೂರು ಮರಿಗಳೂ ಎದುರಿನ ಕರೆಂಟಿನ ತಂತಿಯ ಮೇಲೆ ಕೂತಿದ್ದವು. ಗೂಡು ಬರಿದಾಗಿತ್ತು. ಅದರೊಳಗಿನ ಅರಳೆಯನ್ನು ತೆಗೆದು ಅವರ ಕೈಗಿಟ್ಟೆ. ಎರಡು ಬೆರಳಲ್ಲಿ ಎಳೆದು ನೋಡಿ, "ಚಲೋ ಅರಳೀನ ಆರಿಸ್ಯಾಳ" ಎಂದರು. ನಾನು ಷಟರಿಗೆ ಕೊಕ್ಕೆ ಹಾಕಿ ಪೂರ್ತಿ ಮೇಲಕ್ಕೆತ್ತಿದೆ. ತಗಡು ಧಡಧಡ ಎಂದಿತು. ಅವರು ಕುರ್ಚಿಯಿಂದ ಎದ್ದು, ತಲೆ ತಗ್ಗಿಸದೆ ನೆಟ್ಟಗೆ ಒಳಗೆ ನಡೆದರು.

"ರಾರಾವಿಯವ್ರ ಗಾದಿ ಹೊಲೀಬೇಕಲ್ಲ, ದಬ್ಬಣ ಎಲ್ಲಿಟ್ಟೀದಿ?" ಎಂದು ಒಳಗಿನಿಂದ ಕೇಳಿದರು.